ಹಳೆಯ ಕಾರಿನ ಅಡಿಯ ಡಾಂಬರು ಕೀಳುವುದು: ಬಾಡಿ ಮಿಸ್ತ್ರಿಯವರಿಗೆ ಪ್ರಶ್ನೆಗಳು

ನಿರ್ವಾಹಕ, ಕಲಬುರಗಿ: ಕಲಬುರಗಿ, ಬೀದರ್, ಯಾದಗಿರಿಯ ಹಳೆಯ ವಾಹನ ಬಳಗಕ್ಕೆ ನಮಸ್ಕಾರ. ಈ ಭಾನುವಾರದ ವಿಷಯ ತುಕ್ಕು ತಡೆಯಲು ಕಾರಿನ ಅಡಿಗೆ ಬಳಿಯುವ ಡಾಂಬರಿನ ಲೇಪ, ಅಂದರೆ ಅಂಡರ್‌ಕೋಟಿಂಗ್. ಮಿಸ್ತ್ರಿಯವರು ಕೆಲಸದ ನಡುವೆ ಉತ್ತರಿಸುತ್ತಾರೆ. ದಯವಿಟ್ಟು ಮೇಲಿನ ಉತ್ತರಗಳನ್ನು ಓದಿ ಆಮೇಲೆ ಕೇಳಿ.

ಆಳಂದದ ಅಂಬಾಸಿಡರ್: ಮಿಸ್ತ್ರಿಯವರೆ, ಅಡಿಯ ಡಾಂಬರು ಒಣಗಿ ಗಟ್ಟಿಯಾಗಿದೆ. ಏನು ಹಚ್ಚಿದರೆ ಬಿಡುತ್ತದೆ?

ಮಿಸ್ತ್ರಿ: ಹಚ್ಚಿದರೆ ಬಿಡುವುದಿಲ್ಲ, ಕೆರೆದರೆ ಬಿಡುತ್ತದೆ. ಒಣಗಿ ಸೆಟೆದಿದ್ದರೆ ಬೆಳಗಿನ ತಂಪಿನಲ್ಲಿ ಮೊಂಡು ಉಳಿಯಿಂದ ತಟ್ಟಿ, ಚಕ್ಕೆ ಏಳುತ್ತದೆ. ಇನ್ನೂ ಜಗ್ಗುವ ಗುಣವಿದ್ದರೆ ಹೀಟ್ ಗನ್ ಹಿಡಿದು, ಮೆತ್ತಗಾದ ಕೂಡಲೇ ಸ್ಕ್ರೇಪರ್‌ನಿಂದ ಎಬ್ಬಿಸಿ. ಹೊಗೆ ಬಂದರೆ ಬಿಸಿ ಅತಿಯಾಯಿತು ಎಂದರ್ಥ. ಮೊದಲು ಒಳಗಿನ ಸೀಟು, ಕಾರ್ಪೆಟ್, ಅದರಡಿಯ ನಾರಿನ ಹಾಸು ತೆಗೆಯಿರಿ; ಕೆಳಗಿನಿಂದ ಬಿಸಿ ಕೊಟ್ಟರೆ ಬೆಂಕಿ ಹತ್ತುವುದು ಮೇಲೆ. ಪೆಟ್ರೋಲ್ ಟ್ಯಾಂಕ್ ಇಳಿಸಿ. ಕೊನೆಗೆ ಉಳಿದ ಕಲೆಗೆ ಮಾತ್ರ ಸೀಮೆಎಣ್ಣೆಯ ಬಟ್ಟೆ, ಅದೂ ತಗಡು ಪೂರ್ತಿ ತಣ್ಣಗಾದ ಮೇಲೆ. ಬ್ರೇಕಿನ ರಬ್ಬರ್ ಪೈಪಿಗೆ ಅದು ತಾಗಬಾರದು. ಮೇ ತಿಂಗಳ ಮಧ್ಯಾಹ್ನ ಈ ಕೆಲಸಕ್ಕೆ ಕೈ ಹಾಕಬೇಡಿ. ಒಂದು ಕಡೆ ಕೆರೆದದ್ದು ಇನ್ನೊಂದು ಕಡೆ ಮೆತ್ತಿಕೊಳ್ಳುತ್ತದೆ.

ಹುಮನಾಬಾದ್ ಸದಸ್ಯ: ನನಗೆ ಬಂದದ್ದನ್ನು ಕಳಿಸುತ್ತಿದ್ದೇನೆ. “ಪೆಟ್ರೋಲಿಗೆ ಕಾಸ್ಟಿಕ್ ಸೋಡಾ ಬೆರೆಸಿ ಬಳಿದರೆ ಎಷ್ಟೇ ಹಳೆಯ ಡಾಂಬರಾದರೂ ಹತ್ತೇ ನಿಮಿಷದಲ್ಲಿ ಮಾಯ. ಎಲ್ಲರಿಗೂ ತಲುಪಿಸಿ.”

ಮಿಸ್ತ್ರಿ: ಯಾರಿಗೂ ತಲುಪಿಸಬೇಡಿ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ಕಾರಿನ ಕೆಳಗಿನ ಗುಂಡಿಯಲ್ಲೇ ನಿಲ್ಲುತ್ತದೆ. ನೀವು ಮಲಗಿರುವುದೂ ಅಲ್ಲೇ. ಹೀಟ್ ಗನ್ ಬೇಡ, ಗ್ರೈಂಡರಿನ ಒಂದು ಕಿಡಿ ಸಾಕು. ಕಾಸ್ಟಿಕ್ ಸೋಡಾ ಅಲ್ಯೂಮಿನಿಯಂ ತಿನ್ನುತ್ತದೆ, ಕಣ್ಣು ಕಳೆಯುತ್ತದೆ. ಮಾಯವಾಗುವುದು ಡಾಂಬರಲ್ಲ.

ಹುಮನಾಬಾದ್ ಸದಸ್ಯ: ನಾನು ಮಾಡಿಲ್ಲ, ಬಂದದ್ದನ್ನು ಕಳಿಸಿದೆ ಅಷ್ಟೇ.

ಶಹಾಪುರದ ಪದ್ಮಿನಿ: ನಮಸ್ಕಾರ ಸರ್. ನಮ್ಮ ಕಾಕಾ ಅವರ 1978ರ ಪ್ರೀಮಿಯರ್ ಪದ್ಮಿನಿ. ಬಾಗಿಲ ಕೆಳಗಿನ ರನ್ನಿಂಗ್ ಬೋರ್ಡ್ ಬಳಿ ಉಳಿ ಇಟ್ಟರೆ ಡಾಂಬರಿನ ಜೊತೆ ತುಕ್ಕಿನ ಹಾಳೆಯೇ ಬರುತ್ತಿದೆ. ಆ ಬದಿಗೆ ಜ್ಯಾಕ್ ಕೊಟ್ಟು ಎತ್ತಿದರೆ ಚಾಲಕನ ಬಾಗಿಲು ಹಾಕಲು ಬರುವುದಿಲ್ಲ, ಇಳಿಸಿದರೆ ಸರಿಹೋಗುತ್ತದೆ. ಪೂರ್ತಿ ಕಿತ್ತು ಹೊಸ ಕೋಟ್ ಹೊಡೆಸಲೇ?

ಮಿಸ್ತ್ರಿ: ಉಳಿ ಕೆಳಗಿಡಿ. ಕಾರು ಜ್ಯಾಕ್ ಮೇಲಿದ್ದರೆ ಈಗಲೇ ಇಳಿಸಿ, ಆಮೇಲೆ ಮುಂದೆ ಓದಿ.

ಪದ್ಮಿನಿಗೆ ಬಾಡಿಯನ್ನು ಹೊರುವ ಬೇರೆ ಚಾಸಿಸ್ ಇಲ್ಲ. ನೆಲದ ತಗಡು, ರನ್ನಿಂಗ್ ಬೋರ್ಡಿನ ಒಳಪೆಟ್ಟಿಗೆ, ಕಂಬಗಳು ಸೇರಿಯೇ ಅದರ ಬೆನ್ನುಮೂಳೆ. ಎತ್ತಿದಾಗ ಬಾಗಿಲು ಕಚ್ಚುತ್ತದೆ ಎಂದರೆ ಬಾಡಿ ಮಡಚುತ್ತಿದೆ. ಹಿಂದೆ ಯಾರೋ ತೂತಿನ ಮೇಲೆ ತಗಡಿನ ತೇಪೆ ಇಟ್ಟು, ಬೆಸುಗೆ ಕಾಣದಂತೆ ಡಾಂಬರು ಬಳಿದಿರಬಹುದು. ಇಂಥದ್ದನ್ನು ಬಹಳ ಕಂಡಿದ್ದೇನೆ. ಲೇಪ ಒಂದು ಕಡೆ ಬಿರುಕು ಬಿಟ್ಟರೆ ಸಾಕು, ನೀರು ಒಳಗೆ ಹೋಗುತ್ತದೆ, ಹೊರಗೆ ಬರುವುದಿಲ್ಲ. ನಿಮ್ಮ ಕಡೆಯ ಎರೆಮಣ್ಣು ಅಂಟಿದರೆ ಮಳೆ ನಿಂತು ವಾರವಾದರೂ ತೇವ ಆರುವುದಿಲ್ಲ. ರನ್ನಿಂಗ್ ಬೋರ್ಡಿನ ಅಡಿಯಲ್ಲಿ ನೀರು ಹರಿಯಲು ಇಟ್ಟ ಸಣ್ಣ ರಂಧ್ರಗಳನ್ನು ನೋಡಿ, ಡಾಂಬರು ಮುಚ್ಚಿರುತ್ತದೆ.

ಸ್ಕ್ರೂಡ್ರೈವರಿನ ಹಿಡಿಯಿಂದ ಉದ್ದಕ್ಕೂ ತಟ್ಟುತ್ತಾ ಹೋಗಿ. ಗಟ್ಟಿ ತಗಡು ಠಣ್ ಎನ್ನುತ್ತದೆ, ಕೊಳೆತದ್ದು ದಬ್ ಎನ್ನುತ್ತದೆ. ದಬ್ ಎಂದಲ್ಲಿ ಸೀಮೆಸುಣ್ಣದ ಗುರುತು ಹಾಕಿ, ಚುಚ್ಚಬೇಡಿ. ನಾಲ್ಕೂ ಬಾಗಿಲ ಸಂದುಗಳ ಅಳತೆ ಬರೆದಿಡಿ. ಕತ್ತರಿಸುವ ಮುನ್ನ ಬಾಗಿಲ ಚೌಕಟ್ಟಿಗೆ ಕಂಬದಿಂದ ಕಂಬಕ್ಕೆ ಅಡ್ಡ ಪೈಪ್ ಬೆಸೆಯಬೇಕು. ಒಂದು ಬದಿ ಮುಗಿಯದೆ ಇನ್ನೊಂದು ಬದಿ ಮುಟ್ಟುವಂತಿಲ್ಲ. ಎರಡೂ ಬದಿ ಒಟ್ಟಿಗೆ ಬಿಚ್ಚಿದರೆ ಕಾರು ನಡುವೆ ಕುಸಿಯುತ್ತದೆ, ಮತ್ತೆ ಯಾವ ಬಾಗಿಲೂ ಕೂರುವುದಿಲ್ಲ.

ಹೊಸ ಕೋಟಿನ ಮಾತು ಈಗ ಬೇಡ. ಫೋಟೊ ಹಾಕಿ. ಕಾರು ಎಲ್ಲಿ ನಿಂತಿದೆ, ನೆಲ ಎಂಥದ್ದು?

ಶಹಾಪುರದ ಪದ್ಮಿನಿ: ಮನೆ ಮುಂದೆ, ಶಹಾಬಾದ್ ಫರ್ಸಿ ಹಾಸಿದೆ.

ಮಿಸ್ತ್ರಿ: ಮಣ್ಣಿನ ಮೇಲೆ ಹಾಸಿದ ಫರ್ಸಿ ಕಲ್ಲು, ಎತ್ತಿದ ಕಾರನ್ನು ಹೊರುವ ಸ್ಟ್ಯಾಂಡಿನ ಭಾರಕ್ಕೆ ಒಡೆಯುತ್ತದೆ. ದಪ್ಪ ಹಲಗೆ ಇಡದೆ ಎತ್ತಬೇಡಿ. ಬರೀ ಜ್ಯಾಕ್ ನಂಬಿ ಯಾರೂ ಕೆಳಗೆ ಹೋಗಬಾರದು, ಕಾಕಾ ಹೇಳಿದರೂ.

ಆಳಂದದ ಅಂಬಾಸಿಡರ್: ಇದಕ್ಕೇ ಅಂಬಾಸಿಡರ್ ಬೇಕು ಎನ್ನುವುದು. ಚಾಸಿಸ್ ಗಾಡಿ, ಮಡಚುವ ಮಾತೇ ಇಲ್ಲ.

ಬೀದರ್ ಜೀಪ್: ಅಂಬಾಸಿಡರ್‌ಗೆ ಚಾಸಿಸ್ ಎಲ್ಲಿದೆ ಸ್ವಾಮಿ? ಅದರ ಮೂಲವಾದ ಮಾರಿಸ್ ಆಕ್ಸ್‌ಫರ್ಡ್ ಕಾಲದಿಂದಲೂ ಅದು ಒಂದೇ ಬಾಡಿ.

ಆಳಂದದ ಅಂಬಾಸಿಡರ್: ನಮ್ಮ ತಂದೆಯವರ ಕಾಲದಿಂದ ಓಡಿಸುತ್ತಿದ್ದೇವೆ. 2014ರವರೆಗೆ ಸುಮ್ಮನೆ ತಯಾರಿಸಿದರೇ?

ಬೀದರ್ ಜೀಪ್: ಓಡಿಸುವುದು ಬೇರೆ, ಅಡಿಗೆ ಹೋಗಿ ನೋಡುವುದು ಬೇರೆ.

ಮಿಸ್ತ್ರಿ: ಬೀದರಿನವರು ಹೇಳಿದ್ದು ಸರಿ. ಸಾಕು.

ಸೇಡಂ ಸದಸ್ಯ: ಕೀಳುವುದಕ್ಕೆ ಕೂಲಿ ಎಷ್ಟಾಗುತ್ತದೆ ಸರ್?

ಸುರಪುರ ಸದಸ್ಯ: ಡಾಂಬರಿಗೆ ಏನು ಹಚ್ಚಬೇಕು?

ಮಿಸ್ತ್ರಿ: ಮೇಲೆ ಬರೆದಿದೆ.

ಬಸವಕಲ್ಯಾಣದ ಫಿಯಟ್: ಗ್ರೈಂಡರಿಗೆ ತಂತಿ ಬ್ರಷ್ ಹಾಕಿ ಒಂದೇ ದಿನದಲ್ಲಿ ಮುಗಿಸೋಣ ಎಂದಿದ್ದೇನೆ. 1966ರ ಕಾರು.

ಮಿಸ್ತ್ರಿ: ಬೇಡ. ಹಳೆಯ ಕಾಲದ ಕೆಲವು ಲೇಪಗಳಲ್ಲಿ ಕಲ್ನಾರು ಇರುತ್ತಿತ್ತು, ಅದೇ ಆಸ್ಬೆಸ್ಟಾಸ್. ಕಣ್ಣಿಗೆ ಕಾಣದ ಎಳೆ ಎದೆಯೊಳಗೆ ಹೋದರೆ ರೋಗ ಕಾಣಿಸುವುದು ಎಷ್ಟೋ ವರ್ಷಗಳ ನಂತರ. ಒಂದು ಚೂರನ್ನು ಒದ್ದೆ ಮಾಡಿ ತೆಗೆದು ಪ್ರಯೋಗಾಲಯಕ್ಕೆ ಕಳಿಸಿ. ಫಲಿತಾಂಶ ಬರುವವರೆಗೆ ತಿಕ್ಕಬೇಡಿ, ಒಣದಾಗಿ ಕೆರೆಯಬೇಡಿ. ಆಳಂದದವರೆ, ನಿಮ್ಮದೂ ಹಳೆಯದಾದರೆ ಉಳಿ ಎತ್ತುವ ಮುನ್ನ ಇದೇ ಕ್ರಮ. ಬಟ್ಟೆ ಕಟ್ಟಿಕೊಂಡರೆ ಸಾಲದು.

ಹುಮನಾಬಾದ್ ಸದಸ್ಯ: ಡ್ರೈ ಐಸ್ ಇಟ್ಟರೆ ತಾನಾಗಿ ಸಿಡಿದು ಬರುತ್ತದಂತೆ. ವಿಡಿಯೊ ಇದೆ, ಕಳಿಸಲೇ?

ಮಿಸ್ತ್ರಿ: ಅದು ಒಳಗಿನ ನೆಲದ ಡಾಂಬರು ಹಾಳೆಗೆ. ಮೈನಸ್ 78 ಡಿಗ್ರಿಯಲ್ಲಿ ಹಾಳೆ ಸೆಟೆಯುತ್ತದೆ, ಸುತ್ತಿಗೆಯಿಂದ ಹಗುರವಾಗಿ ತಟ್ಟಿದರೆ ಒಡೆಯುತ್ತದೆ. ಅಡಿಭಾಗಕ್ಕೆ ಅಂಟಿ ನಿಲ್ಲುವುದು ಹೇಗೆ? ಬಾಗಿಲು ಮುಚ್ಚಿ ಮಾಡಿದರೆ ಅದರಿಂದ ಏಳುವ ಕಾರ್ಬನ್ ಡೈಆಕ್ಸೈಡಿನಿಂದ ಉಸಿರೂ ಕಟ್ಟುತ್ತದೆ. ಕಳಿಸಬೇಡಿ.

ಯಾದಗಿರಿ ಸದಸ್ಯ: ಇಷ್ಟೆಲ್ಲ ಏಕೆ? ಸುಟ್ಟ ಎಂಜಿನ್ ಆಯಿಲ್ ಬಳಿದರೆ ತುಕ್ಕು ಹಿಡಿಯುವುದಿಲ್ಲ. ನಮ್ಮ ಕಡೆ ಎಲ್ಲರೂ ಬಳಿಯುತ್ತಾರೆ.

ಬೀದರ್ ಜೀಪ್: ಎಲ್ಲರ ಗಾಡಿಯ ರಬ್ಬರ್ ಬುಷ್‌ಗಳೂ ಉಬ್ಬಿ ಹಾಳಾಗಿರುವುದು ಅದಕ್ಕೇ.

ಯಾದಗಿರಿ ಸದಸ್ಯ: ನಿಮ್ಮನ್ನು ಕೇಳಲಿಲ್ಲ.

ಮಿಸ್ತ್ರಿ: ಆಯಿಲ್ ಬಳಿದ ತಗಡಿಗೆ ಪ್ರೈಮರ್ ಹಿಡಿಯುವುದಿಲ್ಲ. ಧೂಳು ಮಾತ್ರ ಚೆನ್ನಾಗಿ ಹಿಡಿಯುತ್ತದೆ. ಗಟ್ಟಿಯಾಗಿ ಕೂತ ಹಳೆಯ ಡಾಂಬರನ್ನು ಕೀಳಲೇಬೇಕೆಂದೂ ಇಲ್ಲ, ಎದ್ದದ್ದನ್ನು ಮಾತ್ರ ಕೀಳಿ. ಬರಿದಾದ ತಗಡಿಗೆ ಅಂದೇ ಎಪಾಕ್ಸಿ ಪ್ರೈಮರ್, ಆಮೇಲೆ ಸಂದುಗಳಿಗೆ ಸೀಲರ್.

ಚಿತ್ತಾಪುರ ಸದಸ್ಯ: ಡಾಂಬರು ಬಿಡಿಸಲು ಏನಾದರೂ ದ್ರಾವಣ ಇದೆಯೇ?

ನಿರ್ವಾಹಕ: ಮೇಲೆ ಓದಿ ಎಂದು ಮೊದಲೇ ಹೇಳಿದ್ದೆ.

ಸೇಡಂ ಸದಸ್ಯ: ಕೂಲಿ ಕೇಳಿದ್ದೆ ಸರ್.

ಶಹಾಪುರದ ಪದ್ಮಿನಿ: ಫೋಟೊ ಹಾಕಿದ್ದೇನೆ. ಎಡಬದಿಯಲ್ಲೂ ಉದ್ದಕ್ಕೆ ದಬ್ ಎನ್ನುತ್ತಿದೆ.

ಮಿಸ್ತ್ರಿ: ನೋಡಿದೆ. ಓಡಿಸಿಕೊಂಡು ತರಬೇಡಿ, ಲಾರಿಯ ಮೇಲೆ ಹಾಕಿಸಿ. ಕಾಕಾ ಅವರ ನಂಬರನ್ನು ನನಗೆ ಬೇರೆಯಾಗಿ ಕಳಿಸಿ.

ಹುಮನಾಬಾದ್ ಸದಸ್ಯ: ಬೆಲ್ಲದ ನೀರಿನಲ್ಲಿ ನೆನೆಸಿದರೆ ತುಕ್ಕು ಹೋಗುತ್ತದೆ ಎಂದು ಬಂದಿದೆ.

ಬೀದರ್ ಜೀಪ್: ಇಡೀ ಪದ್ಮಿನಿಯನ್ನು ಯಾವ ಕೊಪ್ಪರಿಗೆಯಲ್ಲಿ ನೆನೆಸುತ್ತೀರಿ?