ಸಿಡಿಎಲ್ ಮೆಡಿಕಲ್ ಕಾರ್ಡ್: ಯಾವ ಡಾಕ್ಟರ ಹತ್ತಿರ ಹೋಗಬೇಕು, ಏನೇನು ಕೈಲಿರಬೇಕು?

ಕೋಲಾರದವಳು:
ನಮ್ಮ ಭಾವನಿಗೆ 52 ವರ್ಷ, ಗ್ರೀನ್ ಕಾರ್ಡ್ ಇದೆ, ಡಲ್ಲಾಸ್ ಹತ್ತಿರ ಇದ್ದಾರೆ. ಟ್ರಕ್ ಓಡಿಸೋಕೆ ಸಿಡಿಎಲ್ (ಕಮರ್ಷಿಯಲ್ ಡ್ರೈವರ್ ಲೈಸೆನ್ಸ್) ಕೋರ್ಸ್ ಸೇರಿದ್ದಾರೆ. ಪರ್ಮಿಟ್‌ಗೆ ಮುಂಚೆ ಡಿಓಟಿ ಫಿಜಿಕಲ್ (ಮೆಡಿಕಲ್ ಕಾರ್ಡ್‌ಗೆ ಮಾಡೋ ಆರೋಗ್ಯ ಪರೀಕ್ಷೆ) ಮುಗಿಸಿ ಅಂದಿದ್ದಾರಂತೆ. ಶುಗರ್‌ಗೆ ಗ್ಲೈಕೋಮೆಟ್ ಜಿಪಿ, ಬಿಪಿಗೆ ಟೆಲ್ಮಾ, ಎರಡೂ ಊರಿಂದ ತಂದ ಮಾತ್ರೆ. ಇನ್ಸುಲಿನ್ ಇಲ್ಲ. ದೂರದ್ದಕ್ಕೆ ಕನ್ನಡಕ. ಮನೇಲಿ ಬಿಪಿ 150/92ರ ಆಸುಪಾಸು ಬರುತ್ತೆ. ಮಾಮೂಲಿ ಫ್ಯಾಮಿಲಿ ಡಾಕ್ಟರೇ ಬರೆದುಕೊಡಬಹುದಾ? ಜನ ಫೇಲ್ ಆಗೋದು ಎಲ್ಲಿ? ಗೊತ್ತಿರೋರು ಹೇಳಿ.

ಹೈವೇ ರಂಗ:
ಫ್ಯಾಮಿಲಿ ಡಾಕ್ಟರ ಹೆಸರು ಎಫ್‌ಎಂಸಿಎಸ್‌ಎ (ಟ್ರಕ್, ಬಸ್ ಸುರಕ್ಷತೆಯ ಫೆಡರಲ್ ಇಲಾಖೆ) ನ್ಯಾಷನಲ್ ರಿಜಿಸ್ಟ್ರಿಯಲ್ಲಿದ್ದರೆ ಬರೆದುಕೊಡಬಹುದು, ಇಲ್ಲದಿದ್ದರೆ ಇಲ್ಲ. 2014ರ ಮೇ 21ರಿಂದ ಈ ನಿಯಮ. ಎಂಡಿಯೇ ಆಗಬೇಕೆಂದಿಲ್ಲ. ರಾಜ್ಯದ ಕಾನೂನು ಒಪ್ಪಿದರೆ ನರ್ಸ್ ಪ್ರಾಕ್ಟಿಷನರ್, ಫಿಜಿಷಿಯನ್ ಅಸಿಸ್ಟೆಂಟ್, ಕೈರೋಪ್ರಾಕ್ಟರ್ ಕೂಡ ತರಬೇತಿ ಮುಗಿಸಿ ಪರೀಕ್ಷೆ ಪಾಸಾಗಿ ಪಟ್ಟಿಗೆ ಸೇರಬಹುದು. ರಿಜಿಸ್ಟ್ರಿಯ ಸೈಟಿನಲ್ಲಿ ಜಿಪ್ ಕೋಡ್ ಹಾಕಿ ಹುಡುಕಿ. ಕ್ಲಿನಿಕ್ ಹೆಸರು ನೋಡಿದರೆ ಸಾಲದು, ಅವತ್ತು ಪರೀಕ್ಷೆ ಮಾಡುವ ವ್ಯಕ್ತಿಯ ಹೆಸರೇ ಅಲ್ಲಿರಬೇಕು. ಎತ್ತರ, ತೂಕ, ಬಿಪಿ ಸಹಾಯಕರು ನೋಡಬಹುದು. ಎದೆ, ಹೊಟ್ಟೆ, ಹರ್ನಿಯಾ, ಕೈಕಾಲಿನ ಬಲ, ನಡಿಗೆ ಇವನ್ನು ಸಹಿ ಹಾಕುವವರೇ ನೋಡಬೇಕು.

ಹೆಲ್ತ್ ಇನ್ಶೂರೆನ್ಸ್ ಸಾಮಾನ್ಯವಾಗಿ ಇದಕ್ಕೆ ಅನ್ವಯಿಸಲ್ಲ. ಫೋನಲ್ಲೇ ದರ ಕೇಳಿಕೊಳ್ಳಿ. ಕಾರ್ಡ್ ಎಷ್ಟು ಕಾಲಕ್ಕೆ ಸಿಕ್ಕರೂ ಫೀಸು ಒಂದೇನಾ, ಮತ್ತೆ ಬಂದರೆ ಪೂರ್ತಿ ಕೊಡಬೇಕಾ ಅನ್ನೋದನ್ನೂ ಕೇಳಿ.

ಕ್ಲಿನಿಕ್ ಕಡೆಯವಳು:
ಅಕ್ಕ, ಮೊದಲು ಮಾತ್ರೆ ವಿಷಯ. ಗ್ಲೈಕೋಮೆಟ್, ಟೆಲ್ಮಾ ಅಂದರೆ ಇಲ್ಲಿ ಯಾರಿಗೂ ಅರ್ಥ ಆಗಲ್ಲ. ಸ್ಟ್ರಿಪ್ಪನ್ನು ತಿರುಗಿಸಿ ಹಿಂಭಾಗದಲ್ಲಿರೋ ಜೆನೆರಿಕ್ ಹೆಸರು, ಮಿಲಿಗ್ರಾಂ, ದಿನಕ್ಕೆ ಎಷ್ಟು ಅಂತ ಬರೆದುಕೊಂಡು ಹೋಗಲಿ: ಮೆಟ್‌ಫಾರ್ಮಿನ್, ಗ್ಲಿಮಿಪಿರೈಡ್, ಟೆಲ್ಮಿಸಾರ್ಟನ್. ಆಯುರ್ವೇದದ್ದಿದ್ದರೆ ಅದನ್ನೂ. ಅದಕ್ಕಿಂತ ಮುಖ್ಯ, ಇಲ್ಲೊಬ್ಬ ಡಾಕ್ಟರ ಹತ್ತಿರ ತೋರಿಸಿ ಈಚಿನ ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಶುಗರ್) ರಿಪೋರ್ಟು, ಒಂದು ಪುಟದ ಪತ್ರ ಇಟ್ಟುಕೊಳ್ಳಲಿ. ಊರಿನ ಮಾತ್ರೆ ನುಂಗುತ್ತಾ ಇಲ್ಲಿ ಯಾರೂ ನೋಡಿಕೊಳ್ಳುತ್ತಿಲ್ಲ ಅಂದರೆ ಎಗ್ಸಾಮಿನರ್ (ಪರೀಕ್ಷೆ ಮಾಡಿ ಸಹಿ ಹಾಕೋರು) ‘ಡಿಟರ್ಮಿನೇಷನ್ ಪೆಂಡಿಂಗ್’, ಅಂದರೆ ತೀರ್ಮಾನ ಬಾಕಿ ಅಂತ ಹಾಕಿಬಿಡಬಹುದು. ಅದಕ್ಕೆ 45 ದಿನ ಗಡುವು. ಅಷ್ಟರಲ್ಲಿ ಕಾಗದ ತರದಿದ್ದರೆ ಪರೀಕ್ಷೆ ಮೊದಲಿಂದ.

ಬಾಯಿಂದ ತೆಗೆದುಕೊಳ್ಳೋ ಮಾತ್ರೆಗೆ ವಿಶೇಷ ಫಾರಂ ಬೇಡ. ಮುಂದೆ ಇನ್ಸುಲಿನ್ ಶುರುವಾದರೆ ಎಂಸಿಎಸ್‌ಎ-5870 ಫಾರಂ ಬೇಕು. ಅದನ್ನು ಚಿಕಿತ್ಸೆ ಕೊಡುವ ಡಾಕ್ಟರೇ ತುಂಬಬೇಕು, ಅವರ ಸಹಿಯಾದ 45 ದಿನದೊಳಗೆ ಪರೀಕ್ಷೆ ಶುರುವಾಗಬೇಕು. ಜೊತೆಗೆ ಗ್ಲೂಕೋಮೀಟರಿನಿಂದ ಇಳಿಸಿಕೊಂಡ 3 ತಿಂಗಳ ದಾಖಲೆ ಆ ಡಾಕ್ಟರಿಗೆ ಕೊಟ್ಟಿರಬೇಕು. ಡೈರಿಯಲ್ಲಿ ಕೈಯಲ್ಲಿ ಬರೆದದ್ದು ನಡೆಯಲ್ಲ.

ಇನ್ನೊಂದು. ಮೂತ್ರದಲ್ಲಿ ಸ್ಪೆಸಿಫಿಕ್ ಗ್ರಾವಿಟಿ (ಸಾಂದ್ರತೆ), ಪ್ರೋಟೀನ್, ರಕ್ತ, ಸಕ್ಕರೆ ನಾಲ್ಕು ನೋಡ್ತಾರೆ. ಡಪಾಗ್ಲಿಫ್ಲೋಜಿನ್ ಅಥವಾ ಎಂಪಾಗ್ಲಿಫ್ಲೋಜಿನ್ ಅನ್ನೋ ಶುಗರ್ ಮಾತ್ರೆ ತಗೊಳ್ಳೋರಿಗೆ ರಕ್ತದಲ್ಲಿ ಶುಗರ್ ಸರಿಯಿದ್ದರೂ ಡಿಪ್‌ಸ್ಟಿಕ್ (ಮೂತ್ರದಲ್ಲಿ ಅದ್ದಿ ನೋಡೋ ಕಡ್ಡಿ) ಗಾಢ ಬಣ್ಣಕ್ಕೆ ತಿರುಗುತ್ತೆ. ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕೋದೇ ಆ ಮಾತ್ರೆಯ ಕೆಲಸ. ಪಟ್ಟಿಯಲ್ಲಿ ಮೊದಲೇ ಬರೆದಿದ್ದರೆ ಗಾಬರಿ ಇಲ್ಲ.

ಸೇಫ್ಟಿ ಆಫೀಸು:
ಈ ಮೂತ್ರ ಪರೀಕ್ಷೆ ಡ್ರಗ್ ಟೆಸ್ಟ್ ಅಲ್ಲ ಅನ್ನೋದನ್ನೂ ಸೇರಿಸಿ. ಅದು ಬೇರೆ, ಕೆಲಸ ಕೊಡುವವರು ಮಾಡಿಸೋದು. ರಾಜ್ಯ ಒಪ್ಪಿದ ಗಾಂಜಾ ಕಾರ್ಡ್ ಇದ್ದರೂ ಫೆಡರಲ್ ಲೆಕ್ಕದಲ್ಲಿ ಅನರ್ಹರೇ. ಊರಿಂದ ತಂದ ಡಬ್ಬಿಯಲ್ಲಿ ಆಲ್ಪ್ರಜೋಲಾಂ (ಆತಂಕದ ಮಾತ್ರೆ), ಟ್ರಮಡಾಲ್ (ನೋವಿನ ಮಾತ್ರೆ), ಕೊಡೀನ್ ಇರೋ ಕೆಮ್ಮಿನ ಸಿರಪ್ ಇವೆಯಾ ನೋಡಿ. ಇಲ್ಲಿನ ಪ್ರಿಸ್ಕ್ರಿಪ್ಷನ್ ಇಲ್ಲದೆ ಇವು ತೊಂದರೆಗೇ ದಾರಿ.

ಕೋಲಾರದವಳು:
ಬಿಪಿದೇ ಭಯ. ಅಲ್ಲಿ ಹೋದಮೇಲೆ 165 ಬಂದುಬಿಟ್ಟರೆ?

ಕ್ಲಿನಿಕ್ ಕಡೆಯವಳು:
ಲೆಕ್ಕ ಹೀಗೆ: 140/90ರೊಳಗಿದ್ದರೆ ಸರಿ, ಆದರೆ ಮಾತ್ರೆ ತಗೊಳ್ಳೋರಿಗೆ ಎರಡರ ಬದಲು ಒಂದು ವರ್ಷದ ಕಾರ್ಡು ಸಾಮಾನ್ಯ. 140–159 ಅಥವಾ 90–99 ಬಂದರೂ ಮೊದಲ ಸಲ ಒಂದು ವರ್ಷ ಸಿಗುತ್ತೆ. 160–179 ಅಥವಾ 100–109 ಬಂದರೆ ಒಂದೇ ಸಲ ಮೂರು ತಿಂಗಳದ್ದು, ಅಷ್ಟರಲ್ಲಿ ಇಳಿಸಿಕೊಂಡು ಬರಬೇಕು. 180 ಅಥವಾ 110 ಮುಟ್ಟಿದರೆ ಅವತ್ತು ಇಲ್ಲ. ಇದು ಮಾರ್ಗಸೂಚಿ, ಎಗ್ಸಾಮಿನರ್ ವಿವೇಚನೆಗೂ ಜಾಗ ಇದೆ.

150 ಇರೋದು 165 ಆಗೋದು ಬಹಳ ಸಲ ಅಳೆಯೋ ರೀತಿಯಿಂದ. ಮೊದಲು ಮೂತ್ರದ ಸ್ಯಾಂಪಲ್ ಕೊಟ್ಟುಬಿಡಲಿ, ತುಂಬಿದ ಮೂತ್ರಕೋಶ ಬಿಪಿ ಏರಿಸುತ್ತೆ. ಎಗ್ಸಾಮ್ ಟೇಬಲ್ ಮೇಲೆ ಕಾಲು ಇಳಿಬಿಟ್ಟು ಕೂರೋದು ಬೇಡ. ಬೆನ್ನಿಗೆ ಆಸರೆ ಇರೋ ಕುರ್ಚಿ, ಪಾದ ನೆಲಕ್ಕೆ, ತೋಳು ಎದೆಯ ಮಟ್ಟಕ್ಕೆ, ಐದು ನಿಮಿಷ ಮಾತಿಲ್ಲ. ತೋಳು ದಪ್ಪ ಇದ್ದರೆ ದೊಡ್ಡ ಕಫ್ ಕೇಳಲಿ. ಚಿಕ್ಕದು ಸುತ್ತಿದರೆ ಸುಳ್ಳು ಹೆಚ್ಚಳ ತೋರಿಸುತ್ತೆ. ಎರಡನೇ ಸಲ ನೋಡಿ ಅಂತ ಕೇಳೋಕೆ ಸಂಕೋಚ ಬೇಡ, ಫಾರಮ್ಮಲ್ಲೇ ಅದಕ್ಕೆ ಜಾಗ ಇದೆ. ಬೆಳಿಗ್ಗೆ ಕಾಫಿ ಬೇಡ, ಮಾತ್ರೆ ತಪ್ಪಿಸಬಾರದು, ಸೂಡೋಎಫಿಡ್ರಿನ್ ಇರೋ ನೆಗಡಿ ಮಾತ್ರೆ ಹಿಂದಿನ ದಿನದಿಂದಲೇ ಮುಟ್ಟಬಾರದು. ಆದರೂ ಒಂದು ಮಾತು: ಮನೆಯಲ್ಲೇ ದಿನಾ 150 ಇದ್ದರೆ ಕೂರೋ ಭಂಗಿಗಿಂತ ಡೋಸ್ ನೋಡಿಸೋದು ವಾಸಿ. ಮೂರ್ನಾಲ್ಕು ವಾರ ಮುಂಚೆ ತೋರಿಸಿ.

ಗಾಲಿ ಹದಿನೆಂಟು:
ಕಣ್ಣು: ಪ್ರತಿ ಕಣ್ಣಿಗೆ ಬೇರೆ ಬೇರೆಯಾಗಿ 20/40, ಕನ್ನಡಕ ಹಾಕಿಯೇ. ಊರಿನ ಚೀಟಿಯಲ್ಲಿ 6/12 ಅಂತ ಬರೆದಿರೋದು ಅದೇ. ಹಳೇ ಕನ್ನಡಕದಲ್ಲಿ ಹೋಗಿ ಒಂದು ಸಾಲು ತಪ್ಪಿದರೆ ಇನ್ನೊಂದು ಓಡಾಟ. ಕೆಂಪು, ಹಸಿರು, ಹಳದಿ ಗುರುತಿಸಿದರೆ ಸಾಕು. ಚುಕ್ಕಿಯೊಳಗಿನ ಅಂಕಿ ಓದೋ ಇಶಿಹಾರ ಪುಸ್ತಕದಲ್ಲಿ ತಪ್ಪಿದರೂ ಇದೊಂದು ಗೊತ್ತಾದರೆ ನಡೆಯುತ್ತೆ.

ಕಿವಿ: ಐದು ಅಡಿ ದೂರದಿಂದ ಪಿಸುಮಾತು. ಅಂಕಿಗಳನ್ನೋ ಪದಗಳನ್ನೋ ಇಂಗ್ಲಿಷಲ್ಲಿ ಉಸುರುತ್ತಾರೆ, ತಿರುಗಿ ಹೇಳಬೇಕು. ಕೇಳಿಸಿದರೂ ಉಚ್ಚಾರ ಅರ್ಥವಾಗದೆ ತಡವರಿಸೋರು ಇರ್ತಾರೆ, ಆಗ ಆಡಿಯೋಮೀಟರಲ್ಲಿ (ಕಿವಿ ಪರೀಕ್ಷೆಯ ಯಂತ್ರ) ನೋಡಿ ಅಂತ ಕೇಳಬಹುದು. ಚೆನ್ನಾಗಿರೋ ಕಿವಿಯಲ್ಲಿ 500, 1000, 2000 ಹರ್ಟ್ಜ್ ಸರಾಸರಿ ನಷ್ಟ 40 ಡೆಸಿಬೆಲ್ ಮೀರಬಾರದು.

ಏನಾದರೂ ಎಡವಟ್ಟಾದರೆ ಪಕ್ಕದ ಕ್ಲಿನಿಕ್‌ಗೆ ಹೋಗಿ ಬಿಡಿ, ಹಳೇದನ್ನ ಹೇಳಬೇಡಿ.

ಸೇಫ್ಟಿ ಆಫೀಸು:
ಕೊನೇ ಸಾಲು ಒಪ್ಪಲಾರೆ ಸಾರ್. ಇನ್ನೊಬ್ಬರ ಹತ್ತಿರ ಹೋಗೋದು ತಪ್ಪಲ್ಲ, ಮುಚ್ಚಿಡೋದು ತಪ್ಪು. ಎಂಸಿಎಸ್‌ಎ-5875 ಫಾರಮ್ಮಿನ ಆರೋಗ್ಯ ಪ್ರಶ್ನೆಗಳ ಕೆಳಗೆ ಡ್ರೈವರ್ ಸಹಿ ಹಾಕ್ತಾನೆ. ಸುಳ್ಳು ಅಥವಾ ಬಿಟ್ಟುಹೋದ ಮಾಹಿತಿಯಿಂದ ಕಾರ್ಡೇ ರದ್ದಾಗಬಹುದು ಅಂತ ಅಲ್ಲೇ ಇದೆ. ಫಲಿತಾಂಶ ಏನೇ ಬಂದರೂ ರಿಜಿಸ್ಟ್ರಿಗೆ ಹೋಗುತ್ತೆ, ಅನರ್ಹ ಅಂತ ಬಂದದ್ದೂ ಸೇರಿ.

ಈಗ ಯಾರೂ ಹೇಳದ ವಿಷಯ, ಹೆಸರು. 2025ರ ಜೂನ್ 23ರಿಂದ ಎಗ್ಸಾಮಿನರ್ ಮರುದಿನ ಮಧ್ಯರಾತ್ರಿಯೊಳಗೆ ಫಲಿತಾಂಶ ಅಪ್‌ಲೋಡ್ ಮಾಡಬೇಕು, ಅದು ರಿಜಿಸ್ಟ್ರಿಯಿಂದ ರಾಜ್ಯದ ಲೈಸೆನ್ಸ್ ಇಲಾಖೆಗೆ ಹೋಗುತ್ತೆ. ಹೆಸರು, ಜನ್ಮದಿನಾಂಕ, ಲೈಸೆನ್ಸ್ ನಂಬರ್ ಹೊಂದದಿದ್ದರೆ ದಾಖಲೆ ಎಲ್ಲೋ ನೇತಾಡುತ್ತೆ. ನಮ್ಮವರದ್ದು ಗೊತ್ತಲ್ಲ: ಪಾಸ್‌ಪೋರ್ಟಲ್ಲಿ ಅಪ್ಪನ ಹೆಸರು ಸರ್‌ನೇಮ್, ಲೈಸೆನ್ಸಲ್ಲಿ ಇನಿಷಿಯಲ್, ಕ್ಲಿನಿಕ್ಕಲ್ಲಿ ಕರೆಯೋ ಹೆಸರು. ಲೈಸೆನ್ಸ್ ಕಾರ್ಡ್ ಮುಂದಿಟ್ಟುಕೊಂಡು ಅದರಲ್ಲಿದ್ದ ಹಾಗೇ ಬರೆಸಿ.

ಫಾರಮ್ಮಲ್ಲಿ ‘ಸಿಎಲ್‌ಪಿ/ಸಿಡಿಎಲ್ ಅರ್ಜಿದಾರ ಅಥವಾ ಹೊಂದಿದವರು’ (ಸಿಎಲ್‌ಪಿ ಅಂದರೆ ಕಲಿಕೆಯ ಪರ್ಮಿಟ್) ಅನ್ನೋದಕ್ಕೆ ‘ಹೌದು’ ಅಂತ ಗುರುತು ಹಾಕಿಸಿ. ಇನ್ನೂ ಪರ್ಮಿಟ್ ಬಂದಿಲ್ಲವಲ್ಲ ಅಂತ ‘ಇಲ್ಲ’ ಹಾಕಿದರೆ ರಾಜ್ಯಕ್ಕೆ ಏನೂ ತಲುಪಲ್ಲ. ಲೈಸೆನ್ಸ್ ನಂಬರ್ ಅಂತ ಈಗಿರೋ ಕಾರು ಲೈಸೆನ್ಸಿನದ್ದೇ ಕೊಡಿ.

ಕೋಲಾರದವಳು:
ಹಾಗಾದರೆ ಕಾಗದದ ಕಾರ್ಡ್ ಬೇಕಾಗಿಲ್ಲವಾ?

ಸೇಫ್ಟಿ ಆಫೀಸು:
ಬೇಕು. ಆ ದಿನಾಂಕಕ್ಕೆ ಎಲ್ಲ ರಾಜ್ಯಗಳೂ ಸಿದ್ಧವಿರಲಿಲ್ಲ. ಎಂಸಿಎಸ್‌ಎ-5876 ಸರ್ಟಿಫಿಕೇಟ್ ಇಸಿದುಕೊಂಡೇ ಹೊರಡಿ. ಬಾಗಿಲು ದಾಟೋ ಮುಂಚೆ ಅವಧಿ ಮುಗಿಯೋ ದಿನ, ಎಗ್ಸಾಮಿನರ್ ಸಹಿ, ರಿಜಿಸ್ಟ್ರಿ ನಂಬರ್, ಕನ್ನಡಕದ ಗುರುತು ನೋಡಿಕೊಳ್ಳಲಿ. ರಾಜ್ಯದೊಳಗಷ್ಟೇ ಅನ್ವಯಿಸೋ ಆಯ್ಕೆಗೆ ಕೈತಪ್ಪಿ ಟಿಕ್ ಬಿದ್ದಿದ್ದರೆ ಅಲ್ಲೇ ತಿದ್ದಿಸಿ, ಬೇರೆ ರಾಜ್ಯಕ್ಕೆ ಲೋಡು ಒಯ್ಯೋಕೆ ಅದು ಆಗಲ್ಲ. ಪರ್ಮಿಟ್‌ಗೆ ಹೋಗೋ ಮೊದಲು ಡಿಪಿಎಸ್‌ಗೆ (ಟೆಕ್ಸಾಸಿನ ಲೈಸೆನ್ಸ್ ಇಲಾಖೆ) ಫೋನ್ ಮಾಡಿ ಮೆಡಿಕಲ್ ದಾಖಲೆ ಬಂದಿದೆಯಾ ಕೇಳಿ. ಬಂದಿಲ್ಲ ಅಂದರೆ ಡಿಪಿಎಸ್ ಕೌಂಟರಲ್ಲಿ ಜಗಳ ಆಡಿ ಫಲ ಇಲ್ಲ, ಕ್ಲಿನಿಕ್‌ಗೇ ಫೋನ್ ಮಾಡಿ ಯಾವ ಹೆಸರು, ಯಾವ ನಂಬರಲ್ಲಿ ಕಳಿಸಿದಿರಿ ಅಂತ ಓದಿಸಿ ಕೇಳಿಸಿಕೊಳ್ಳಿ.