ಅರ್ಧ ಮನುಷ್ಯ, ಅರ್ಧ ಪ್ರಾಣಿ: ಈ ಶಿಲ್ಪಗಳಿಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ, ಒಂದು ಪದ ಬೇಕಾಗಿದೆ. ಮನುಷ್ಯ ಮತ್ತು ಪ್ರಾಣಿ ಒಂದೇ ಮೈಯಲ್ಲಿ ಸೇರಿರುವ ಮಣ್ಣಿನ ಶಿಲ್ಪಗಳ ಬಗ್ಗೆ ಬರೆಯುತ್ತಿದ್ದೇನೆ. ಇವಕ್ಕೆಲ್ಲ ಸೇರಿ ಒಂದು ಹೆಸರು ಸಿಗುತ್ತಿಲ್ಲ.

‘ಮಿಶ್ರತಳಿ’ ನನಗೆ ಒಗ್ಗುವುದಿಲ್ಲ. ತಳಿ ಅಂದ ಕೂಡಲೇ ಬಿತ್ತನೆ ಬೀಜ, ಹಸು ನೆನಪಾಗುತ್ತವೆ, ಅಲ್ವಾ? ಇಲ್ಲಿ ಬೆರೆತಿರುವುದು ಆಕಾರ ಮಾತ್ರ. ‘ಬೆರಕೆ’ ಅಂದರೆ ಕಲಬೆರಕೆಯ ವಾಸನೆ ಬರುತ್ತದೆ.

‘ಕಿನ್ನರ’ ಚೆಂದದ ಪದ. ಆದರೆ ಅಮರಕೋಶ ಕಿನ್ನರನನ್ನು ‘ತುರಂಗವದನ’ ಅನ್ನುತ್ತದೆ. ಅಂದರೆ ಕುದುರೆಯ ಮುಖದವನು. ಗ್ರೀಸಿನ ಸೆಂಟಾರ್ ಇದಕ್ಕೆ ಪೂರ್ತಿ ತಿರುಗಾಮುರುಗಾ: ಮುಖ, ಎದೆ ಮನುಷ್ಯನವು, ಹಿಂಭಾಗ ಕುದುರೆಯದು. ಹಾಗಾಗಿ ಸೆಂಟಾರನ್ನು ಕಿನ್ನರ ಎಂದು ಬರೆಯುವುದು ತಪ್ಪು ಅಂತಲೇ ನನ್ನ ಅನಿಸಿಕೆ.

ಚೀನಾದ ಟ್ಯಾಂಗ್ ಕಾಲದ (618–907) ಮಣ್ಣಿನ ಬೊಂಬೆಗಳಲ್ಲಿ ಎರಡೂ ಬಗೆ ಇವೆ. ಹನ್ನೆರಡು ರಾಶಿಪ್ರಾಣಿಗಳು ಉದ್ದ ತೋಳಿನ ನಿಲುವಂಗಿ ತೊಟ್ಟು ಮನುಷ್ಯರ ಹಾಗೆ ನಿಂತಿರುತ್ತವೆ. ತಲೆ ಮಾತ್ರ ಇಲಿಯದು, ಎತ್ತಿನದು, ಹುಂಜದ್ದು. ಸಮಾಧಿ ಕಾಯುವ ಜೋಡಿಯಲ್ಲಿ ಒಂದಕ್ಕೆ ಪ್ರಾಣಿಯ ಮೈ, ಮನುಷ್ಯನ ಮುಖ. ಮೊದಲಿನವಕ್ಕೆ ‘ಇಲಿಮೊಗದವ’, ‘ಎತ್ತುಮೊಗದವ’ ಸಲೀಸಾಗಿ ಬರುತ್ತವೆ. ಗಜಮುಖ ಅನ್ನುವ ನಮಗೆ ಮುಖ ಹಿಡಿದು ಹೆಸರಿಡುವುದು ರೂಢಿ. ಎರಡನೆಯದಕ್ಕೆ ‘ನರಮುಖಿ’ ಸಾಕೇ?

ಎರಡೂ ಬಗೆಗೆ ಸೇರಿ ನನಗೆ ಹೊಳೆದದ್ದು ‘ಕೂಡುಮೈ’. ಅದಕ್ಕೆ ಕಾರಣ ಲೆಫ್ಕಾಂಡಿಯ ಸೆಂಟಾರ್. ಗ್ರೀಸಿನಲ್ಲಿ ಸಿಕ್ಕ ಇದು ಕ್ರಿ.ಪೂ. 10ನೇ ಶತಮಾನದ್ದು, ಎತ್ತರ ಸುಮಾರು 36 ಸೆಂ.ಮೀ. ಕುದುರೆಯ ಒಡಲನ್ನು ಟೊಳ್ಳಾಗಿ ತಿಗರಿಯ ಮೇಲೆ ಎತ್ತಿದ್ದಾರೆ. ಮನುಷ್ಯನ ಭಾಗವನ್ನು ಕೈಯಲ್ಲಿ ತಿದ್ದಿ ಕೂಡಿಸಿದ್ದಾರೆ. ತಲೆ ಒಂದು ಗೋರಿಯಲ್ಲಿ, ಮೈ ಇನ್ನೊಂದರಲ್ಲಿ ಸಿಕ್ಕಿತ್ತು! ಮಣ್ಣಿನಲ್ಲಿ ಈ ಮೈಗಳು ನಿಜಕ್ಕೂ ಹಾಗೆ ಕೂಡಿಸಿದವು. ಕಲ್ಲಿನಲ್ಲಿ ಕಡೆಯುವಾಗ ಈ ಬೆಸುಗೆ ಇರುವುದಿಲ್ಲ. ‘ಕೂಡು’ವಿಗೆ ಬೇರೆ ಅರ್ಥವೂ ಇದೆ, ಅದೊಂದೇ ಅಳುಕು. ಕೂಡುಕುಟುಂಬ ಅನ್ನುವಾಗ ಅದು ಯಾರಿಗೂ ಅಡ್ಡ ಬರುವುದಿಲ್ಲ ಅನ್ನುವುದು ಧೈರ್ಯ.

ಇನ್ನೊಂದು ಸಣ್ಣ ವಿಷಯ. ಸೆರಾಮಿಕ್ ಅನ್ನುವಲ್ಲೆಲ್ಲ ಸುಮ್ನೆ ‘ಪಿಂಗಾಣಿ’ ಹಾಕಲು ಮನಸ್ಸಿಲ್ಲ. ಬಿಳಿ ಬಟ್ಟಲು ಕಣ್ಣಿಗೆ ಬರುತ್ತದೆ. ‘ಸುಟ್ಟ ಮಣ್ಣು’ ಎಂದೇ ಬರೆಯುತ್ತಿದ್ದೇನೆ.

‘ಕೂಡುಮೈ’ ಕಿವಿಗೆ ಹೇಗಿದೆ? ಇದಕ್ಕಿಂತ ಹಳೆಯ ಪದ ಎಲ್ಲಾದರೂ ಓದಿದ್ದರೆ, ಕೇಳಿದ್ದರೆ ದಯವಿಟ್ಟು ತಿಳಿಸಿ.