ಅಪ್ಪನ ಡಿಸ್ಚಾರ್ಜ್ ಸಮರಿಯಲ್ಲಿ ‘ಎಲ್‌ವಿಇಎಫ್ 45%’ ಅಂತ ಇದೆ, ಅರ್ಧ ಹಾರ್ಟ್ ಹೋಯ್ತು ಅಂತಾನಾ?

ಕಲ್ಪತರು_ಮಗ:
ಎಲ್ರಿಗೂ ನಮಸ್ಕಾರ. ನಮ್ಮಪ್ಪಂಗೆ 62 ವರ್ಷ, ತಿಪಟೂರು ಹತ್ರ ಹಳ್ಳಿ, ತೆಂಗಿನ ತೋಟ ನೋಡ್ಕೊಂಡಿದ್ದಾರೆ. ಮೂರು ವಾರದ ಹಿಂದೆ ಬೆಳಗಿನ ಜಾವ ಎದೆ ಉರಿ, ಬೆವರು ಅಂತ ಎದ್ದು ಕೂತ್ರು, ಗ್ಯಾಸ್ಟ್ರಿಕ್ ಇರ್ಬೇಕು ಅಂತ ಅಮ್ಮ ಜೀರಿಗೆ ಕಷಾಯ ಮಾಡ್ಕೊಟ್ರು, ಒಂದು ಗಂಟೆ ಆದ್ರೂ ಕಮ್ಮಿ ಆಗ್ಲಿಲ್ಲ ಅಂತ ತಾಲೂಕು ಆಸ್ಪತ್ರೆಗೆ ಕರ್ಕೊಂಡು ಹೋದ್ವಿ. ಅಲ್ಲಿ ಇಸಿಜಿ ತೆಗೆದು ತಕ್ಷಣ ಒಂದು ಇಂಜೆಕ್ಷನ್ ಕೊಟ್ಟು ಬೆಂಗಳೂರಿಗೆ ಕಳ್ಸಿದ್ರು, ಮಾರನೇ ದಿನ ಸ್ಟೆಂಟ್ ಆಯ್ತು. ಈಗ ಮನೇಲಿದ್ದಾರೆ.

ಡಿಸ್ಚಾರ್ಜ್ ಸಮರಿಯಲ್ಲಿ ಹೀಗಿದೆ: ಕೆ/ಸಿ/ಓ ಟಿ2ಡಿಎಂ, ಐಡಬ್ಲ್ಯೂಎಂಐ, ಥ್ರಾಂಬೊಲೈಸ್ಡ್ ವಿತ್ ಟೆನೆಕ್ಟೆಪ್ಲೇಸ್, ಪಿಟಿಸಿಎ ಡಿಇಎಸ್ ಟು ಆರ್‌ಸಿಎ, ಎಲ್‌ವಿಇಎಫ್ 45%, ಪಿ/ಎ ಎನ್‌ಎಡಿ. ಡಿಸ್ಚಾರ್ಜ್ ದಿನ ಕೇಳೋಣ ಅಂದ್ರೆ ಡಾಕ್ಟರ್ ಸುತ್ತ ಹತ್ತು ಜನ ನಿಂತಿದ್ರು.

ಅಪ್ಪ ಆ 45% ಅನ್ನೋದನ್ನ ಬಾಲ್‌ಪೆನ್ನಲ್ಲಿ ಎರಡು ಸಲ ಗೆರೆ ಎಳೆದು ಇಟ್ಕೊಂಡಿದ್ದಾರೆ. ಅರ್ಧಕ್ಕಿಂತ ಕಮ್ಮಿ ಹಾರ್ಟ್ ಉಳಿದಿರೋದು, ಇನ್ನೇನು ತೋಟ ಗೀಟ ಅಂತ ಹೇಳಿ ಮಂಚ ಬಿಟ್ಟು ಏಳ್ತಿಲ್ಲ. ಡಾಕ್ಟರು ವಾಕಿಂಗ್ ಮಾಡಿ ಅಂದಿದ್ರೂ ಅಂಗಳಕ್ಕೂ ಬರಲ್ಲ. ಕೈ ಮೇಲೆ ಅಲ್ಲಲ್ಲಿ ನೀಲಿ ಕಲೆ ಆಗಿದೆ ಅಂತ ಪಕ್ಕದ ಮನೆಯವ್ರು ರಕ್ತ ತೆಳು ಮಾಡೋ ಮಾತ್ರೆ ಬಿಡ್ಸಿ ಅಂತಿದ್ದಾರೆ. ಗೊತ್ತಿರೋರು ಸ್ವಲ್ಪ ಬಿಡ್ಸಿ ಹೇಳಿ ಪ್ಲೀಸ್.

ಸಿಸಿಯು_ಸಿಸ್ಟರ್:
ಮೊದ್ಲು ಮಾತ್ರೆ ವಿಷ್ಯ: ಯಾರು ಹೇಳಿದ್ರೂ ನಿಲ್ಲಿಸ್ಬೇಡಿ, ಸ್ಟೆಂಟ್ ಹಾಕಿದ ಡಾಕ್ಟರ್ ಹೇಳೋವರೆಗೂ. ನಾನು ಹೃದಯದ ವಾರ್ಡಲ್ಲೇ ಹನ್ನೊಂದು ವರ್ಷದಿಂದ ಸ್ಟಾಫ್ ನರ್ಸ್, ಡಾಕ್ಟರ್ ಅಲ್ಲ, ಆದ್ರೆ ಈ ಪೇಪರ್ ದಿನಾ ಓದ್ತೀನಿ.

ಎಲ್‌ವಿಇಎಫ್ ಅಂದ್ರೆ ಹಾರ್ಟು ಒಂದು ಸಲ ಹಿಂಡಿದಾಗ ಎಡಗಡೆ ಕೆಳಗಿನ ಕೋಣೆಯಲ್ಲಿರೋ ರಕ್ತದಲ್ಲಿ ಎಷ್ಟು ಪಾಲು ಆಚೆ ಹೋಗುತ್ತೆ ಅನ್ನೋ ಲೆಕ್ಕ. ಅದು 45% ಅಂದ್ರೆ ಪರೀಕ್ಷೆ ಮಾರ್ಕ್ಸ್ ಥರ ನೂರಕ್ಕೆ 45 ಅಲ್ಲ. ಹಾರ್ಟಿನ ಎಡಗಡೆ ಕೆಳಗಿನ ಕೋಣೆಯಲ್ಲಿ ಸುಮಾರು 120 ಎಂಎಲ್ ರಕ್ತ ತುಂಬುತ್ತೆ ಅಂತ ಇಟ್ಕೊಳ್ಳಿ, ಆರೋಗ್ಯವಾಗಿರೋ ಹಾರ್ಟು ಒಂದು ಸಲ ಹಿಂಡಿದಾಗ ಅದ್ರಲ್ಲಿ 70 ಎಂಎಲ್ ಆಚೆ ಹೋಗುತ್ತೆ, ಮಿಕ್ಕಿದ್ದು ಒಳಗೇ ಇರುತ್ತೆ. ಅಂದ್ರೆ ಹೆಚ್ಚುಕಮ್ಮಿ 58%. ಯಾರಿಗೂ 100 ಬರಲ್ಲ, ಬರೋದೂ ಬೇಡ. 55ರಿಂದ 70 ಅಂದ್ರೆ ನಾರ್ಮಲ್. ನಿಮ್ಮ ತಂದೆಯವರದ್ದು ಅದೇ ಲೆಕ್ಕದಲ್ಲಿ 70 ಬದ್ಲು 54 ಎಂಎಲ್ ಹೋಗ್ತಿದೆ. ಕಮ್ಮಿಯಾಗಿರೋದು ನಿಜ, ಆದ್ರೆ ಅರ್ಧ ಹಾರ್ಟ್ ಹೋಗಿಲ್ಲ. ಅಟ್ಯಾಕ್ ಆದ ಹೊಸತ್ರಲ್ಲಿ ಸ್ವಲ್ಪ ಮಾಂಸಖಂಡ ಸಾಯದೇ ಬರೀ ಮರಗಟ್ಟಿದ ಹಾಗೆ ಆಗಿರುತ್ತೆ, ರಕ್ತ ಮತ್ತೆ ಸಿಕ್ಕಿದ ಮೇಲೆ ವಾರಗಟ್ಟಲೆ ಟೈಮ್ ತಗೊಂಡು ಚೇತರಿಸ್ಕೊಳುತ್ತೆ, ಅದಕ್ಕೇ ಕೆಲವು ವಾರ ಬಿಟ್ಟು ಮತ್ತೆ ಎಕೋ, ಅಂದ್ರೆ ಹಾರ್ಟಿನ ಸ್ಕ್ಯಾನ್, ಮಾಡಿಸೋದು.

ಮಿಕ್ಕಿದ್ದು ಬೇಗ ಹೇಳ್ತೀನಿ. ಕೆ/ಸಿ/ಓ ಟಿ2ಡಿಎಂ ಅಂದ್ರೆ ಮೊದ್ಲಿಂದ ಶುಗರ್ ಇದೆ ಅಂತ. ಐಡಬ್ಲ್ಯೂಎಂಐ ಅಂದ್ರೆ ಹಾರ್ಟಿನ ತಳಭಾಗದ ಗೋಡೆಗೆ ಆದ ಅಟ್ಯಾಕ್, ಆ ಗೋಡೆ ಹೊಟ್ಟೆಯ ಮೇಲಿನ ಪರದೆಗೆ ಅಂಟಿದ ಹಾಗೆ ಇರೋದು, ಇಂಥ ಅಟ್ಯಾಕಲ್ಲಿ ಎಷ್ಟೋ ಜನಕ್ಕೆ ಹೊಟ್ಟೆ ಮೇಲ್ಗಡೆ ಉರಿ, ವಾಂತಿ ಬಂದ ಹಾಗೆ ಆಗುತ್ತೆ, ಅಮ್ಮ ಗ್ಯಾಸ್ಟ್ರಿಕ್ ಅಂದ್ಕೊಂಡಿದ್ರಲ್ಲಿ ಅವ್ರ ತಪ್ಪು ಏನೂ ಇಲ್ಲ, ಅವ್ರಿಗೆ ದಯವಿಟ್ಟು ಇದನ್ನ ಹೇಳಿ. ಟೆನೆಕ್ಟೆಪ್ಲೇಸ್ ಅಂದ್ರೆ ತಾಲೂಕು ಆಸ್ಪತ್ರೇಲಿ ಕೊಟ್ರಲ್ಲ ಆ ಇಂಜೆಕ್ಷನ್, ರಕ್ತನಾಳದ ಗಡ್ಡೆ ಕರಗಿಸೋದು. ಪುನೀತ್ ರಾಜ್‌ಕುಮಾರ್ ಹೆಸರಲ್ಲಿ ಸರ್ಕಾರದ ಹೃದಯ ಜ್ಯೋತಿ ಯೋಜನೆ ಇದೆಯಲ್ಲ, ತಾಲೂಕು ಆಸ್ಪತ್ರೆಗಳಲ್ಲಿ ಇಸಿಜಿ ಮಾಡಿ ಇದೇ ಇಂಜೆಕ್ಷನ್ ಉಚಿತವಾಗಿ ಕೊಡೋದಕ್ಕೇ ಅದು ಬಂದಿದ್ದು. ಗಡ್ಡೆ ಬೇಗ ಕರಗಿದಷ್ಟೂ ಮಾಂಸಖಂಡ ಉಳಿಯುತ್ತೆ. ಪಿಟಿಸಿಎ ಅಂದ್ರೆ ಕಟ್ಟಿದ ರಕ್ತನಾಳನ ಬಲೂನಿಂದ ಅಗಲ ಮಾಡೋದು, ಆರ್‌ಸಿಎ ಅಂದ್ರೆ ಹಾರ್ಟಿಗೆ ರಕ್ತ ಕೊಡೋ ಬಲಗಡೆ ರಕ್ತನಾಳ, ಡಿಇಎಸ್ ಅಂದ್ರೆ ಔಷಧಿ ಲೇಪನ ಇರೋ ಸ್ಟೆಂಟ್. ಪಿ/ಎ ಎನ್‌ಎಡಿ ಅಂದ್ರೆ ಹೊಟ್ಟೆ ಮುಟ್ಟಿ ನೋಡಿದ್ವಿ, ಏನೂ ತೊಂದ್ರೆ ಕಾಣ್ಲಿಲ್ಲ ಅಂತ, ಅಷ್ಟೇ.

ಧಾರವಾಡದಾಂವ:
ನಮ್ಮ ಅಪ್ಪಾರಿಗೂ ಹಿಂಗ ಆಗಿತ್ರಿ. ಅವರದು 40 ಇತ್ತು, ಮೂರು ತಿಂಗಳ ಆದಮ್ಯಾಲೆ ಎಕೋ ಮಾಡಿಸಿದ್ರ 52 ಬಂತು. ಈಗ ದಿನಾ ಮುಂಜಾನೆ ಅರ್ಧ ತಾಸು ಅಡ್ಡಾಡ್ತಾರ.

ಆದ್ರ ನಮ್ಮ ಮನ್ಯಾಗ ಆಗಿದ್ದ ತಪ್ಪು ಹೇಳ್ತೇನಿ, ನಿಮ್ಮಲ್ಲಿ ಆಗಬಾರದು. ಸ್ಟೆಂಟ್ ಹಾಕಿ ಐದು ತಿಂಗಳಿಗೆ ಹಲ್ಲು ಕೀಳಿಸೋದು ಬಂತು, ರಕ್ತ ನಿಲ್ಲಂಗಿಲ್ಲ ಅಂತ ಯಾರೋ ಅಂದ್ರು, ನಾವ ಹಾರ್ಟಿನ ಡಾಕ್ಟರ್ನ ಕೇಳದ ರಕ್ತ ತೆಳ್ಳಗ ಮಾಡೋ ಎರಡೂ ಗುಳಿಗಿ ಬಂದ್ ಮಾಡಿದ್ವಿ. ಆರನೇ ದಿನಕ್ಕ ರಾತ್ರಿ ಮತ್ತ ಎದಿ ನೋವು. ಸ್ಟೆಂಟಿನೊಳಗನ ರಕ್ತ ಹೆಪ್ಪುಗಟ್ಟಿತ್ತು. ದೇವರ ದಯಾ, ಉಳಿದ್ರು. ಆ ರಾತ್ರಿ ಐಸಿಯು ಬಾಗಲಾ ಮುಂದ ಅವ್ವನ ಕೈ ಹಿಡಕೊಂಡು ಕುಂತಿದ್ದು ಇವತ್ತಿಗೂ ನೆನಪಾದ್ರ ಹೊಟ್ಟಿ ತೊಳಸ್ತೈತಿ. ನೀಲಿ ಕಲಿ ಬಗ್ಗೆ ಡಾಕ್ಟರಿಗೆ ಫೋನ್ ಮಾಡ್ರಿ, ಗುಳಿಗಿ ಮಾತ್ರ ಬಿಡಿಸಬ್ಯಾಡ್ರಿ.

ಮೆಡಿಕಲ್_ಶಾಪ್_ಅಣ್ಣ:
ಮಾತ್ರೆ ಚೀಟಿ ಹೇಗಿದೆ ಅಂತ ಹಾಕಿಲ್ವಲ್ಲ ನೀವು. ಒಡಿ, ಬಿಡಿ, ಎಚ್‌ಎಸ್, ಎಸ್‌ಓಎಸ್ ಇದ್ರಲ್ಲಿ ನಮ್ಮ ಅಂಗಡಿಗೆ ಬರೋರಲ್ಲೂ ತುಂಬಾ ಗೊಂದಲ ಇರುತ್ತೆ. ಒಡಿ ದಿನಕ್ಕೊಂದು ಸಲ, ಬಿಡಿ ಎರಡು ಸಲ, ಎಚ್‌ಎಸ್ ಮಲಗೋ ಹೊತ್ತಿಗೆ, ಎಸ್‌ಓಎಸ್ ಬೇಕಾದಾಗ ಮಾತ್ರ.

ಕಲ್ಪತರು_ಮಗ:
ತುಂಬಾ ಥ್ಯಾಂಕ್ಸ್ ಎಲ್ರಿಗೂ. ಚೀಟಿಲಿ ಇರೋದು: ಇಕೋಸ್ಪ್ರಿನ್ 75 ಒಡಿ, ಟಿಕಾಗ್ರೆಲಾರ್ 90 ಬಿಡಿ (ಇವೆರಡೂ ರಕ್ತ ತೆಳು ಮಾಡೋದಂತೆ), ಅಟೊರ್ವಾಸ್ಟಾಟಿನ್ 80 ಎಚ್‌ಎಸ್ (ಕೊಲೆಸ್ಟ್ರಾಲ್‌ಗೆ), ಸಾರ್ಬಿಟ್ರೇಟ್ 5 ಎಸ್‌ಓಎಸ್. ಟಿಕಾಗ್ರೆಲಾರ್ ರಾತ್ರಿದು ಅವಾಗವಾಗ ತಪ್ಪಿದೆ, ಒಂದು ಸಲ ಸಾಕು ಅಂದ್ಕೊಂಡಿದ್ರು. ಇನ್ನೊಂದು, ಸುಮ್ನೆ ಕೂತಿದ್ದಾಗ್ಲೂ ಉಸಿರು ಸಾಲ್ದ ಹಾಗೆ ಆಗಿ ಒಂದೆರಡು ನಿಮಿಷಕ್ಕೆ ಸರಿ ಹೋಗುತ್ತಂತೆ, ಇದಕ್ಕೇ ಅಪ್ಪ ಜಾಸ್ತಿ ಹೆದ್ರಿರೋದು.

ಸಿಸಿಯು_ಸಿಸ್ಟರ್:
ಅಯ್ಯೋ, ಇದನ್ನ ಮೊದ್ಲೇ ಹೇಳ್ಬೇಕಿತ್ತು. ಟಿಕಾಗ್ರೆಲಾರ್ ತಗೊಳ್ಳೋ ಕೆಲವರಿಗೆ ಹೀಗೆ ಉಸಿರು ಸಾಲ್ದ ಹಾಗೆ ಆಗೋದು ಗೊತ್ತಿರೋ ವಿಷ್ಯಾನೇ, ಹಾರ್ಟ್ ವೀಕ್ ಆಗಿದ್ದಕ್ಕೇ ಅಂತ ಇಲ್ಲ. ಆದ್ರೆ ಯಾವುದ್ರಿಂದ ಅಂತ ನಾನು ಇಲ್ಲಿ ಕೂತು ಹೇಳೋಕಾಗಲ್ಲ, ಫಾಲೋಅಪ್ ಡೇಟಿಗೆ ಕಾಯದೆ ನಾಳೇನೇ ಆಸ್ಪತ್ರೆಗೆ ಫೋನ್ ಮಾಡಿ ಇದೇ ಮಾತಲ್ಲಿ ಹೇಳಿ. ಬೇಕು ಅನ್ಸಿದ್ರೆ ಅವ್ರು ಕ್ಲೊಪಿಡೋಗ್ರೆಲ್‌ಗೆ ಬದಲಾಯಿಸ್ತಾರೆ, ಅದು ಅವ್ರೇ ಮಾಡ್ಬೇಕು. ಅಲ್ಲಿವರೆಗೂ ಎರಡೂ ಹೊತ್ತು ತಪ್ಪಿಸ್ಬೇಡಿ, ಬೆಳಿಗ್ಗೆ ತಗೊಂಡ ಮಾತ್ರೆ ಪ್ರಭಾವ ರಾತ್ರಿ ಹೊತ್ತಿಗೆ ಇಳಿಯುತ್ತೆ, ಅದಕ್ಕೇ ‘ಬಿಡಿ’, ಅಂದ್ರೆ ದಿನಕ್ಕೆ ಎರಡು ಸಲ, ಅಂತ ಬರ್ದಿರೋದು. ಮಲಗಿದ್ರೆ ಉಸಿರು ಕಟ್ಟೋದು, ಕಾಲು ಊತ, ಎದೆ ನೋವು, ಕಪ್ಪು ಮಲ ಇದ್ರಲ್ಲಿ ಯಾವುದಿದ್ರೂ ಫೋನ್ ಗೀನ್ ಅಂತ ಕೂರ್ಬೇಡಿ, ಸೀದಾ ಆಸ್ಪತ್ರೆಗೆ.

ಸಾರ್ಬಿಟ್ರೇಟ್ ಎದೆ ನೋವು ಬಂದಾಗ ನಾಲಿಗೆ ಕೆಳಗೆ ಇಡೋದು, ಕೂತ್ಕೊಂಡೇ ಇಡ್ಬೇಕು, ನಿಂತಿದ್ರೆ ಬಿಪಿ ಇಳಿದು ತಲೆ ಸುತ್ತಿ ಬೀಳ್ತಾರೆ. ಐದು ನಿಮಿಷಕ್ಕೆ ನೋವು ಹೋಗ್ಲಿಲ್ಲ ಅಂದ್ರೆ 108ಕ್ಕೆ ಫೋನ್ ಮಾಡಿ.

ಕಲ್ಪತರು_ಮಗ:
ಫೋನ್ ಮಾಡಿದ್ವಿ ಮೇಡಂ, ನಾಡಿದ್ದು ಬರೋಕೆ ಹೇಳಿದ್ದಾರೆ. ನೀವು ಬರ್ದಿದ್ದ 120, 54 ಲೆಕ್ಕನ ಅಪ್ಪಂಗೆ ಓದಿ ಹೇಳ್ದೆ, ಧಾರವಾಡದವ್ರ ತಂದೆ 40ರಿಂದ 52ಕ್ಕೆ ಬಂದಿದ್ದನ್ನ ಎರಡು ಸಲ ಕೇಳಿಸ್ಕೊಂಡ್ರು. ಅಮ್ಮಂಗೆ ಕಷಾಯದ ವಿಷ್ಯ ಹೇಳ್ದಾಗ ಸೆರಗು ಕಣ್ಣಿಗೆ ಒತ್ಕೊಂಡ್ರು, ಇಷ್ಟು ದಿನ ಒಳಗೊಳಗೇ ಕೊರಗ್ತಿದ್ರು ಅಂತ ನಂಗೆ ಗೊತ್ತೇ ಇರ್ಲಿಲ್ಲ. ಸಾಯಂಕಾಲ ಅಪ್ಪ ಚಪ್ಪಲಿ ಹಾಕ್ಕೊಂಡು ಪಂಪ್‌ಸೆಟ್ ಮನೆವರೆಗೂ ಹೋಗಿ ಬಂದ್ರು, ನಾನೂ ಜೊತೆಗಿದ್ದೆ, ನಡುವೆ ಒಂದು ಸಲ ನಿಂತ್ರು. ನಾಡಿದ್ದು ಹೋಗಿ ಬಂದ್ಮೇಲೆ ಡಾಕ್ಟರ್ ಏನಂದ್ರು ಅಂತ ಇಲ್ಲೇ ಹಾಕ್ತೀನಿ.